‘ನೆಟ್ ಇಲ್ಲ’ ಎಂದರೆ ಏನಿಲ್ಲ?



ಕನ್ನಡ ಮಾಧ್ಯಮದ ಪಠ್ಯಪುಸ್ತಕ, ಅಧ್ಯಾಪಕರ ನೇಮಕಾತಿ, ಪ್ರಶ್ನೆಪತ್ರಿಕೆಯ ತಪ್ಪುಗಳು, ಇವುಗಳ ಕುರಿತು ಇಲ್ಲಿ ಹಲವು ಬಾರಿ ಬರೆದು ನಿಮ್ಮ ತಾಳ್ಮೆಯನ್ನು ಪರೀಕ್ಷಿಸಿದ್ದೇನೆ. ಇಂದು ಬರೆಯಹೊರಟಿರುವುದು ಮನೆಯ ಗೋಡೆಯಲ್ಲಿ ಮಿಣುಕುವ ಸಣ್ಣ ಪೆಟ್ಟಿಗೆಯೊಂದರ ವಿಚಾರ. ಕನ್ನಡ ಎಂ.ಎ. ಮಾಡಿದ ನಿವೃತ್ತ ಅಧ್ಯಾಪಕನಿಗೂ ಇಂಟರ್ನೆಟ್ ಪೆಟ್ಟಿಗೆಗೂ ಏನು ಸಂಬಂಧವೆಂದು ನೀವು ಕೇಳಬಹುದು. ಸಂಬಂಧವಿದೆ. ಅದು ಒಂದು ಟಿ.ಸಿ.ಯ ಮೂಲಕ ಬಂದದ್ದು.

2020ರ ಜೂನ್ 1ರಂದು ಕೇರಳದಲ್ಲಿ ಶಾಲೆಯ ಬಾಗಿಲು ತೆರೆಯಲಿಲ್ಲ. ಬದಲಿಗೆ ವಿಕ್ಟರ್ಸ್ ವಾಹಿನಿಯಲ್ಲಿ ‘ಫಸ್ಟ್ ಬೆಲ್’ ಎಂಬ ಹೆಸರಿನಲ್ಲಿ ಪಾಠಗಳು ಆರಂಭವಾದವು. ಕಾಸರಗೋಡಿನ ಒಳಭಾಗದ ಕನ್ನಡ ಮಾಧ್ಯಮ ಶಾಲೆಯೊಂದಕ್ಕೆ ಆಗ ನಾನು ಮುಖ್ಯೋಪಾಧ್ಯಾಯ. ನೆರೆಯ ಮಲಯಾಳ ಮಾಧ್ಯಮದ ಮಕ್ಕಳು ಟಿ.ವಿ.ಯ ಮುಂದೆ ಕುಳಿತು ಪಾಠ ನೋಡುತ್ತಿದ್ದರು. ನಮ್ಮ ಶಾಲೆಯ ಮಕ್ಕಳಿಗೆ ಹೆಚ್ಚಿನ ಪಾಠಗಳು ತಲುಪುತ್ತಿದ್ದುದು ಫೋನಿನ ಮೂಲಕ. ಹಗಲು ವಾಟ್ಸ್ಆಪ್‌ನಲ್ಲಿ ವಿಡಿಯೋ ಬರುತ್ತಿತ್ತು. ಸಂಜೆ ಏಳು ಗಂಟೆಗೆ ನಮ್ಮ ಅಧ್ಯಾಪಿಕೆಯರು ಗೂಗಲ್ ಮೀಟ್‌ನಲ್ಲಿ ತರಗತಿ ನಡೆಸುತ್ತಿದ್ದರು. ಈ ವ್ಯತ್ಯಾಸವನ್ನು ದಯವಿಟ್ಟು ನೆನಪಿನಲ್ಲಿಡಿ. ಆ ದಿನಗಳಲ್ಲಿ ನಾನೇ ಅದನ್ನು ಸರಿಯಾಗಿ ಗಮನಿಸಿರಲಿಲ್ಲ.

ಮೂರನೆಯ ತರಗತಿಯ ಹುಡುಗಿಯೊಬ್ಬಳ ತಂದೆ ಆಟೋ ಓಡಿಸುವವರು. ಮಗಳ ಪಾಠಕ್ಕೆಂದೇ ಮನೆಗೆ ಫೈಬರ್ ಸಂಪರ್ಕ ಹಾಕಿಸಿಕೊಂಡಿದ್ದರು. ಜುಲೈಯ ಒಂದು ಮಳೆಯ ದಿನ ಶಾಲೆಯ ಜಗಲಿಗೆ ಬಂದು ನಿಂತರು. “ಮಾಷ್ಟ್ರೇ, ಮಗಳಿಗೆ ಕ್ಲಾಸೇ ಕಾಣುವುದಿಲ್ಲ. ಚಕ್ರ ಸುತ್ತುತ್ತಾ ಇರ್ತದೆ. ಟೀಚರು ಬಾಯಿ ತೆರೆದದ್ದು ಹಾಗೆಯೇ ನಿಲ್ತದೆ. ಎಂತ ಮಾಡುವುದು?”

ನನಗೆ ಏನೂ ತಿಳಿದಿರಲಿಲ್ಲ. ಆದರೆ ಮುಖ್ಯೋಪಾಧ್ಯಾಯನ ಕುರ್ಚಿಯಲ್ಲಿ ಕುಳಿತವನಿಗೆ ‘ತಿಳಿಯದು’ ಎನ್ನುವ ಅಭ್ಯಾಸ ತಪ್ಪಿಹೋಗಿರುತ್ತದೆ. “ಸ್ಪೀಡು ಸಾಲದು, ದೊಡ್ಡ ಪ್ಲಾನ್ ಹಾಕಿಸಿಕೊಳ್ಳಿ” ಎಂದೆ. ಆಟೋ ಸ್ಟ್ಯಾಂಡಿನಲ್ಲಿ ಬಾಡಿಗೆಯೇ ಇಲ್ಲದ ಆ ತಿಂಗಳುಗಳಲ್ಲಿ ಅವರು 30 ಎಂಬಿಪಿಎಸ್‌ನ ಪ್ಲಾನನ್ನು 100ಕ್ಕೆ ಏರಿಸಿದರು. ಚಕ್ರ ಸುತ್ತುವುದು ನಿಲ್ಲಲಿಲ್ಲ. ಸಹಾಯವಾಣಿಗೆ ಕರೆ ಮಾಡಿದರೆ ಮಲಯಾಳಕ್ಕೆ ಒಂದು ಒತ್ತಿ, ಇಂಗ್ಲಿಷಿಗೆ ಎರಡು ಒತ್ತಿ, ಹಿಂದಿಗೆ ಮೂರು ಒತ್ತಿ ಎನ್ನುತ್ತಿತ್ತು. ಪೇಟೆಯ ಮಲಯಾಳ ಅವರಿಗೆ ನೀರು ಕುಡಿದಷ್ಟು ಸಲೀಸು. ಆದರೆ ಆ ಕಡೆಯವರು ಕೇಳಿದ ಪ್ರಶ್ನೆಗಳಿಗೆ ಅವರ ಬಳಿ ಇದ್ದ ಉತ್ತರ ಒಂದೇ. “ನೆಟ್ ಇಲ್ಲ.” ಮಲಯಾಳದಲ್ಲಿಯೂ ಅದೇ ಮಾತು, ಅವೇ ಎರಡು ಪದ. ಗಡಿನಾಡಿನಲ್ಲಿ ಅನುವಾದದ ಅಗತ್ಯವೇ ಇಲ್ಲದ ಅಪರೂಪದ ವಾಕ್ಯ. ಆದರೂ ಅದರಿಂದ ಕೆಲಸವಾಗಲಿಲ್ಲ.

2021ರ ಮೇ ತಿಂಗಳಿನಲ್ಲಿ ಅವರು ಮತ್ತೆ ಬಂದರು. “ಬೇಜಾರು ಮಾಡಬೇಡಿ ಮಾಷ್ಟ್ರೇ. ಕನ್ನಡದ ಕ್ಲಾಸಿಗೆ ನೆಟ್ಟೇ ಸಿಗುವುದಿಲ್ಲ. ಅಣ್ಣನ ಮಗನಿಗೆ ಮಲಯಾಳದ್ದು ಚೆಂದ ಬರ್ತದೆ. ಇವಳನ್ನೂ ಅಲ್ಲಿಗೇ ಸೇರಿಸುತ್ತೇನೆ.” ನಾನು ಸಹಿ ಹಾಕಿದ ಕೊನೆಯ ಕೆಲವು ಟಿ.ಸಿ.ಗಳಲ್ಲಿ ಅದೊಂದು. ಆ ತಿಂಗಳ ಕೊನೆಗೆ ನಿವೃತ್ತನಾದೆ. ಬೀಳ್ಕೊಡುಗೆಯ ಆನ್‌ಲೈನ್ ಸಭೆಯಲ್ಲಿ, ಕನ್ನಡಿಗರೇ ಕನ್ನಡ ಶಾಲೆಯನ್ನು ಕೈಬಿಡುತ್ತಿದ್ದಾರೆ ಎಂದು ಗದ್ಗದನಾಗಿ ಮಾತಾಡಿದ್ದೂ ನೆನಪಿದೆ.

ಮರುವರ್ಷದ ಮಳೆಗಾಲದಲ್ಲಿ ನನ್ನ ಮನೆಯಲ್ಲಿಯೇ ಅದೇ ಚಕ್ರ ಸುತ್ತತೊಡಗಿತು. ಮಂಗಳೂರಿನಲ್ಲಿರುವ ಮೊಮ್ಮಗನೊಡನೆ ವಿಡಿಯೋದಲ್ಲಿ ಮಾತಾಡುವಾಗ ಅವನ ಮುಖ ಹೆಪ್ಪುಗಟ್ಟಿ ನಿಲ್ಲುತ್ತಿತ್ತು. ದೂರು ಕೊಟ್ಟಾಗ ಬಂದವನು ಮಲಯಾಳ ಮಾತಾಡುವ ಎಳೆಯ ಹುಡುಗ. ಅವನು ನನ್ನ ಮಾತನ್ನು ಪೂರ್ತಿ ಕೇಳಲೂ ಇಲ್ಲ. ಚೀಲದಿಂದ ಒಂದು ತಂತಿ ತೆಗೆದು ಪೆಟ್ಟಿಗೆಗೂ ತನ್ನ ಲ್ಯಾಪ್‌ಟಾಪಿಗೂ ಚುಚ್ಚಿ ವೇಗ ನೋಡಿದ. ಪೂರ್ತಿ ಬರುತ್ತಿತ್ತು. ಪೆಟ್ಟಿಗೆಯ ಪಕ್ಕದಲ್ಲಿಯೇ ನಿಂತು ಫೋನಿನಲ್ಲಿ ನೋಡಿದ. ಹೆಚ್ಚು ಕಡಿಮೆ ಅಷ್ಟೇ. ಬಳಿಕ ನಾನು ಕುಳಿತುಕೊಳ್ಳುವ ಒಳಕೋಣೆಗೆ ನಡೆದು ನೋಡಿದ. ನೂರರಲ್ಲಿ ಒಂದು ಪಾಲೂ ಇರಲಿಲ್ಲ. “ಮಾಷೇ, ನೆಟ್ ಉಂಟು, ವೈಫೈ ಇಲ್ಲ” ಎಂದು ನನಗೆ ಅರ್ಥವಾಗುವಂತೆ ಕನ್ನಡದಲ್ಲಿಯೇ ಹೇಳಿದ.

ನೆಟ್ ಬೇರೆ, ವೈಫೈ ಬೇರೆ! ಐವತ್ತೇಳರ ವಯಸ್ಸಿನಲ್ಲಿ ಅಂದು ತಿಳಿದುಕೊಂಡೆ.

ನಮ್ಮ ಊರಿನವರಿಗೆ ಇದನ್ನು ಸುರಂಗದ ನೀರಿನ ಮೂಲಕ ಹೇಳಿದರೆ ಬೇಗ ತಿಳಿದೀತು. ಗುಡ್ಡವನ್ನು ಅಡ್ಡಲಾಗಿ ಕೊರೆದ ಸುರಂಗದಿಂದ ನೀರು ತಾನಾಗಿ ಹರಿದು ಟಾಂಕಿಗೆ ಬೀಳುತ್ತದೆ. ಟಾಂಕಿಯಿಂದ ತೋಟಕ್ಕೆ ನೀರು ಹಾರಿಸುವುದು ಸ್ಪ್ರಿಂಕ್ಲರ್. ತೋಟದ ಕೊನೆಯ ಅಡಿಕೆ ಮರಕ್ಕೆ ನೀರು ತಲುಪದಿದ್ದರೆ ಸುರಂಗ ಬತ್ತಿದೆಯೆಂದು ಯಾರೂ ಹೇಳುವುದಿಲ್ಲ. ಮೊದಲು ಸ್ಪ್ರಿಂಕ್ಲರನ್ನು ನೋಡುತ್ತಾರೆ. ಹೊರಗಿನಿಂದ ಮನೆಗೆ ಬರುವ ಫೈಬರ್ ಎಂಬ ಗಾಜಿನ ಎಳೆ ಸುರಂಗವಿದ್ದಂತೆ. ಅದರಲ್ಲಿ ಹರಿಯುವುದು ವಿದ್ಯುತ್ತಲ್ಲ, ಬೆಳಕು. ಆ ಬೆಳಕನ್ನು ನಮ್ಮ ಯಂತ್ರಗಳಿಗೆ ತಿಳಿಯುವ ವಿದ್ಯುತ್ ಸಂಕೇತವಾಗಿ ಬದಲಿಸುವ ಸಾಧನಕ್ಕೆ ಓಎನ್‌ಟಿ ಎನ್ನುತ್ತಾರೆ. ಬಂದ ಸಂಪರ್ಕವನ್ನು ಮನೆಯ ಫೋನು, ಟಿ.ವಿ., ಲ್ಯಾಪ್‌ಟಾಪುಗಳಿಗೆ ಹಂಚುವುದು ರೂಟರ್. ಹಂಚುವ ದಾರಿ ತಂತಿಯಾದರೆ ಲ್ಯಾನ್, ಗಾಳಿಯಲ್ಲಿ ರೇಡಿಯೋ ಅಲೆಯಾದರೆ ವೈಫೈ. ಈಗ ಹಲವು ಮನೆಗಳಲ್ಲಿ ಓಎನ್‌ಟಿಯೂ ರೂಟರೂ ಒಂದೇ ಪೆಟ್ಟಿಗೆಯೊಳಗೆ ಸೇರಿಕೊಂಡಿವೆ. ನಾವು ಒಟ್ಟಾಗಿ ಅದನ್ನು ‘ಮೋಡೆಮ್’ ಎಂದು ಕರೆಯುತ್ತೇವೆ. ಅದು ತಾಮ್ರದ ಟೆಲಿಫೋನ್ ತಂತಿಯ ಕಾಲದಿಂದ ಉಳಿದು ಬಂದ ರೂಢಿ.

ಒಂದು ಕಾಲದಲ್ಲಿ ಇಂತಹ ಪದಗಳಿಗೆಲ್ಲ ನಾನೇ ಕನ್ನಡವನ್ನು ಟಂಕಿಸಿ ಕರಿಹಲಗೆಯಲ್ಲಿ ಬರೆಯುತ್ತಿದ್ದೆ. ರೂಟರಿಗೆ ‘ಪಥದರ್ಶಿ’ ಎಂದು ಬರೆದರೆ ಕೇಳಲು ಹಿತ. ಆದರೆ ದೂರು ಸ್ವೀಕರಿಸುವವನಿಗೆ ಹೇಳಿದರೆ ಅವನು ಬಸ್ಸಿನ ವಿಚಾರವೆಂದುಕೊಂಡಾನು. ‘ವೈಫೈ ಪೆಟ್ಟಿಗೆ’ ಶುದ್ಧ ಅರಿಸಮಾಸ. ವ್ಯಾಕರಣದ ಪೀರಿಯಡಿನಲ್ಲಿ ಬರೆದಿದ್ದರೆ ಅಂಕ ಕಳೆಯುತ್ತಿದ್ದೆ. ಈಗ ನನ್ನ ಅಭಿಪ್ರಾಯ ಬದಲಾಗಿದೆ. ಕಾಸರಗೋಡಿನಲ್ಲಿ ‘ನೆಟ್ ಇಲ್ಲ’, ತಾಳವಾಡಿಯಲ್ಲಿ ‘ನೆಟ್ ಇಲ್ಲೈ’, ಆದವಾನಿಯಲ್ಲಿ ‘ನೆಟ್ ಲೇದು’, ಅಕ್ಕಲಕೋಟೆಯಲ್ಲಿ ‘ನೆಟ್ ನಾಹೀ’. ನಾವು ಯಾವ ಭಾಷೆಯ ಕಚೇರಿಯ ಮುಂದೆ ನಿಂತರೂ ರೂಟರ್, ಲ್ಯಾನ್, ಫೈಬರ್ ಎಂಬ ಮಾತುಗಳು ಮಾತ್ರ ಬದಲಾಗುವುದಿಲ್ಲ. ಆ ಹತ್ತು ಹದಿನೈದು ಪದಗಳನ್ನು ಹಾಗೆಯೇ ಇಟ್ಟುಕೊಂಡು, ಅವುಗಳ ಅರ್ಥವನ್ನು ಮಾತ್ರ ಕನ್ನಡದಲ್ಲಿ ತಿಳಿದುಕೊಳ್ಳುವುದು ಲೇಸು. ರಾಜ್ಯದ ಭಾಷೆ ಅರೆಬರೆ ಬರುವ ನಮ್ಮಂತಹವರಿಗೆ ಅವು ಆಚೆ ದಡಕ್ಕೆ ಹಾಕಿದ ಕಾಲುಸಂಕ.

ಇನ್ನು ಎಂಬಿಪಿಎಸ್ ಎಂಬುದರ ಮಾತು. ನಾನು ಆ ತಂದೆಗೆ ಮಾಡಿದ ಅನ್ಯಾಯ ಇದರೊಳಗಿದೆ. ಒಂದು ಸೆಕೆಂಡಿನಲ್ಲಿ ಎಷ್ಟು ದಶಲಕ್ಷ ಬಿಟ್‌ಗಳು ಹರಿಯಬಹುದು ಎಂಬುದರ ಅಳತೆ ಅದು, ಪೈಪಿನ ಅಗಲವೆಂದುಕೊಳ್ಳಿ. ಫೋನಿನ ಪರದೆಗೆ ಸೊಗಸಾಗಿ ಕಾಣುವಂತಹ ವಿಡಿಯೋ ಒಂದಕ್ಕೆ ಸುಮಾರು 2.5 ಎಂಬಿಪಿಎಸ್ ಸಾಕು. ಕೇಂದ್ರ ಸರಕಾರವು ‘ಬ್ರಾಡ್‌ಬ್ಯಾಂಡ್’ ಎಂಬ ಹೆಸರಿಗೆ ಬೇಕಾದ ಕನಿಷ್ಠ ಡೌನ್‌ಲೋಡ್ ವೇಗವನ್ನು 512 ಕೆಬಿಪಿಎಸ್‌ನಿಂದ 2 ಎಂಬಿಪಿಎಸ್‌ಗೆ ಏರಿಸಿದ್ದೇ 2023ರ ಜನವರಿಯಲ್ಲಿ. ಹಾಗಿರುವಾಗ 30 ಎಂಬಿಪಿಎಸ್‌ನ ಮನೆಯಲ್ಲಿ ಒಂದು ಮಗುವಿನ ತರಗತಿ ನಿಲ್ಲುತ್ತಿದ್ದರೆ ಅದರ ಕಾರಣ ಪ್ಲಾನ್ ಆಗಿರಲು ಸಾಧ್ಯವೇ ಇರಲಿಲ್ಲ. ಪೈಪು ಸೋರುತ್ತಿದೆಯೆಂದು ಬಂದವನಿಗೆ ನಾನು ದೊಡ್ಡ ಬಾವಿ ತೋಡಲು ಹೇಳಿದ್ದೆ.

ಇಲ್ಲಿ ಮತ್ತೊಂದು ಗೊಂದಲವಿದೆ. ವೇಗವನ್ನು ಬಿಟ್‌ನಲ್ಲಿ ಅಳೆಯುತ್ತಾರೆ, ಕಡತದ ಗಾತ್ರವನ್ನು ಬೈಟ್‌ನಲ್ಲಿ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಇಂಗ್ಲಿಷಿನಲ್ಲಿ ಸಣ್ಣ ಅಕ್ಷರ, ದೊಡ್ಡ ಅಕ್ಷರಗಳಿಂದ ಇವೆರಡನ್ನು ಬೇರೆಯಾಗಿ ತೋರಿಸುತ್ತಾರೆ. ಕನ್ನಡದಲ್ಲಿ ಎರಡೂ ‘ಎಂಬಿ’. ನಾನು ಇದನ್ನು ಅಲ್ಪಪ್ರಾಣ, ಮಹಾಪ್ರಾಣ ಎಂದು ನೆನಪಿಟ್ಟುಕೊಂಡಿದ್ದೇನೆ. 100 ಎಂಬಿಪಿಎಸ್ ಎಂಬ ಸಂಪರ್ಕದಲ್ಲಿ ಸೆಕೆಂಡಿಗೆ ಹೆಚ್ಚೆಂದರೆ ಹನ್ನೆರಡೂವರೆ ಮೆಗಾಬೈಟ್ ಇಳಿಯುತ್ತದೆ. ‘ನೂರು ಹೇಳಿ ಹನ್ನೆರಡು ಕೊಟ್ಟರು’ ಎಂದು ಜಗಳಕ್ಕೆ ನಿಂತ ಹಿರಿಯ ಸಹೋದ್ಯೋಗಿಯೊಬ್ಬರನ್ನು ಬಲ್ಲೆ. ಅಲ್ಲಿ ಮೋಸವೇನೂ ಆಗಿರಲಿಲ್ಲ.

ಡೌನ್‌ಲೋಡ್ ಎಂದರೆ ನಮ್ಮ ಕಡೆಗೆ ಬರುವುದು, ಅಪ್‌ಲೋಡ್ ಎಂದರೆ ನಮ್ಮಿಂದ ಹೋಗುವುದು. ಮಗು ಪಾಠವನ್ನು ಕೇಳಿಸಿಕೊಳ್ಳುತ್ತದೆ, ಆದರೆ ಅದು ಓದಿದ್ದು ಟೀಚರಿಗೆ ತುಂಡು ತುಂಡಾಗಿ ಕೇಳಿಸುತ್ತದೆ ಎಂದಾದರೆ ಅಪ್‌ಲೋಡ್ ಕಡೆಗೆ ನೋಡಬೇಕು. ನಾವು ಕೇಳಿದ್ದಕ್ಕೆ ಉತ್ತರ ಬರಲು ಹಿಡಿಯುವ ತಡಕ್ಕೆ ಪಿಂಗ್ ಅಥವಾ ಲೇಟೆನ್ಸಿ ಎನ್ನುತ್ತಾರೆ. ಅದನ್ನು ಮಿಲಿಸೆಕೆಂಡಿನಲ್ಲಿ ಅಳೆಯುತ್ತಾರೆ, ಕಡಿಮೆಯಿದ್ದಷ್ಟೂ ಒಳ್ಳೆಯದು. ಎಫ್‌ಯುಪಿ ಎಂಬ ಮೂರಕ್ಷರವನ್ನು ಪ್ಲಾನ್ ಕೊಳ್ಳುವ ಮೊದಲೇ ಕೇಳಿಕೊಳ್ಳಿ. ‘ಅನ್‌ಲಿಮಿಟೆಡ್’ ಎಂದು ದೊಡ್ಡದಾಗಿ ಬರೆದ ಪ್ಲಾನಿನಲ್ಲಿಯೂ ಇಂತಿಷ್ಟು ಜಿಬಿ ಮುಗಿದ ಮೇಲೆ ವೇಗ ಇಳಿಯುವುದುಂಟು. ಪ್ರತಿ ತಿಂಗಳ ಕೊನೆಯ ವಾರದಲ್ಲಿ ಮಾತ್ರ ಪಾಠ ನಿಲ್ಲುತ್ತಿದ್ದರೆ ಮೊದಲು ಅದನ್ನೇ ಸಂಶಯಿಸಬೇಕು.

ನನ್ನ ಮನೆಯ ಕಥೆಗೆ ಮರಳುತ್ತೇನೆ. ವೈಫೈ ಏಕೆ ಒಳಕೋಣೆಗೆ ಬರುತ್ತಿರಲಿಲ್ಲ? ತಂತಿ ಒಳಗೆ ಬರುವ ಕಿಟಕಿಯ ಬಳಿ, ಕಬ್ಬಿಣದ ಕಪಾಟಿನ ಹಿಂದೆ, ಪೆಟ್ಟಿಗೆಯನ್ನು ತೂಗುಹಾಕಿದ್ದರು. ನಮ್ಮದು ಮುರಕಲ್ಲಿನ ಹಳೆಯ ಮನೆ. ಗೋಡೆಗಳು ಒಂದಡಿಗೂ ಹೆಚ್ಚು ದಪ್ಪ. ಕಬ್ಬಿಣ ರೇಡಿಯೋ ಅಲೆಯನ್ನು ತಡೆಯುತ್ತದೆ, ದಪ್ಪ ಕಲ್ಲು ಅದನ್ನು ಕುಗ್ಗಿಸುತ್ತದೆ, ಗೋಡೆ ಒದ್ದೆಯಾದರೆ ಇನ್ನಷ್ಟು. ಜೊತೆಗೆ ಇನ್ನೊಂದು ತಪ್ಪು ನನ್ನದೇ. ಈಗಿನ ಬಹಳಷ್ಟು ರೂಟರುಗಳು ಎರಡು ತರಂಗಗಳಲ್ಲಿ ವೈಫೈ ಕೊಡುತ್ತವೆ, 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. ಫೋನಿನಲ್ಲಿ ಒಂದೇ ಮನೆಯ ಎರಡು ಹೆಸರು ಕಾಣಿಸುವುದುಂಟು, ಒಂದರ ಬಾಲದಲ್ಲಿ ‘5ಜಿ’ ಎಂದು. ಅದೇ ಹೊಸದು, ಮೇಲ್ಮಟ್ಟದ್ದು ಎಂದು ನಾನು ಒಳಕೋಣೆಯಲ್ಲಿಯೂ ಅದನ್ನೇ ಹಿಡಿದು ಕೂತಿದ್ದೆ. ಮೊಬೈಲ್ ಕಂಪೆನಿಯವರು ಹೇಳುವ ಐದನೆಯ ತಲೆಮಾರಿಗೂ ಇದಕ್ಕೂ ಸಂಬಂಧವಿಲ್ಲ. 5 ಗಿಗಾಹರ್ಟ್ಸ್ ಹತ್ತಿರದಲ್ಲಿ ಹೆಚ್ಚು ವೇಗ ಕೊಡುತ್ತದೆ, ಗೋಡೆ ದಾಟುವಾಗ ಬೇಗ ಸೋಲುತ್ತದೆ, 2.4 ನಿಧಾನ, ಆದರೆ ದೂರ ನಡೆಯುತ್ತದೆ. ಹುಡುಗ ಪೆಟ್ಟಿಗೆಯನ್ನು ನಡುಕೋಣೆಯ ಎತ್ತರದ ಗೂಡಿಗೆ ಸರಿಸಿದ. ಅರ್ಧ ಗಂಟೆಯ ಕೆಲಸ. ಅಂದು ಸಂಜೆ ಮೊಮ್ಮಗನ ಮುಖ ಅಲುಗಾಡಿತು.

ಸಂತೋಷದ ಬದಲು ನನಗೆ ಆ ಟಿ.ಸಿ. ನೆನಪಾಯಿತು. ಅಣ್ಣನ ಮಗನಿಗೆ ‘ಮಲಯಾಳದ್ದು ಚೆಂದ’ ಬರುತ್ತಿದ್ದುದು ಟಿ.ವಿ.ಯಲ್ಲಿ, ಅದಕ್ಕೆ ಇಂಟರ್ನೆಟ್ ಬೇಕಾಗಿಯೇ ಇರಲಿಲ್ಲ. ಅವರ ಮಗಳ ಪಾಠ ಬರುತ್ತಿದ್ದುದು ವೈಫೈ ಮೂಲಕ. ಒಂದು ಪೆಟ್ಟಿಗೆ ಇರಿಸಿದ ಜಾಗದ ದೋಷವನ್ನು ಆ ಮನೆಯವರು ಭಾಷೆಯ ದೋಷವೆಂದು ತಿಳಿದರು, ಹಾಗೆ ತಿಳಿಯಲು ಮುಖ್ಯೋಪಾಧ್ಯಾಯನಾದ ನಾನು ಬಿಟ್ಟೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. 1956ರ ಏಳನೆಯ ತಿದ್ದುಪಡಿಯಲ್ಲಿ ಸೇರಿದ ವಿಧಿ ಅದು. ಅದನ್ನು ಎಷ್ಟು ಮನವಿಪತ್ರಗಳಲ್ಲಿ ಬರೆದಿದ್ದೇನೋ ಲೆಕ್ಕವಿಲ್ಲ. ಮೂರನೆಯ ತರಗತಿಯ ಮಗುವಿಗೆ ಆ ವರ್ಷ ಬೇಕಾಗಿದ್ದ ಅನುಕೂಲ ಹತ್ತು ಮೀಟರ್ ತಂತಿ.

ಮರುದಿನವೇ ಅವರ ಮನೆಗೆ ಹೋದೆ. ನೋಡಿದರೆ ಅಲ್ಲಿಯೂ ಹಾಗೆಯೇ: ಚಾವಡಿಯ ಮೂಲೆ, ಟಿ.ವಿ.ಯ ಬೆನ್ನು, ಮಗು ಓದುವುದು ಹಿಂದಿನ ಕೋಣೆಯಲ್ಲಿ, ನಡುವೆ ಎರಡು ಗೋಡೆ. ಕಲಿತ ವಿದ್ಯೆಯನ್ನು ಕ್ರಮವಾಗಿ ಪ್ರಯೋಗಿಸಿದೆವು. ಮೊದಲು ತಂತಿಯಲ್ಲಿ, ಮತ್ತೆ ಪೆಟ್ಟಿಗೆಯ ಬಳಿ, ಮತ್ತೆ ಮಗು ಕುಳಿತುಕೊಳ್ಳುವಲ್ಲಿ. ಮೂರು ಸಂಖ್ಯೆಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದೆವು. ತಂತಿಯಲ್ಲಿಯೇ ಕಡಿಮೆಯಾದರೆ ದೋಷ ಹೊರಗಿನದು, ದೂರು ಕೊಡಬೇಕು. ತಂತಿಯಲ್ಲಿ ಸರಿಯಿದ್ದು ಕೋಣೆಯಲ್ಲಿ ಕಡಿಮೆಯಾದರೆ ದೋಷ ನಮ್ಮ ಗೋಡೆಯೊಳಗಿನದು; ಪ್ಲಾನ್ ಏರಿಸಿ ಪ್ರಯೋಜನವಿಲ್ಲ. ಅಲ್ಲಿ ದೋಷ ಒಳಗಿನದೇ ಆಗಿತ್ತು. ಪೆಟ್ಟಿಗೆಯನ್ನು ಸರಿಸಿ, ಹಿಂದಿನ ಕೋಣೆಗೊಂದು ಲ್ಯಾನ್ ತಂತಿ ಎಳೆಸಿ, ಪ್ಲಾನನ್ನು ಮರಳಿ 30ಕ್ಕೆ ಇಳಿಸಿದರು.

ದೀಪಗಳನ್ನೂ ಅಂದು ಇಬ್ಬರೂ ಸೇರಿ ಓದಿದೆವು. ಪೆಟ್ಟಿಗೆಯ ಮೇಲಿನ ‘ಪಾನ್’ ಎಂಬ ದೀಪ ಹಸುರಾಗಿ ಸ್ಥಿರವಾಗಿದ್ದರೆ ಹೊರಗಿನ ಬೆಳಕು ಸರಿಯಾಗಿ ಬಂದಿದೆ ಎಂದರ್ಥ. ‘ಎಲ್‌ಓಎಸ್’ ಎಂಬುದು ಕೆಂಪಾಗಿ ಮಿನುಗಿದರೆ ಬೆಳಕೇ ತಲುಪುತ್ತಿಲ್ಲ. ತೆಂಗಿನ ಮಡಲು ಬಿದ್ದು ಎಳೆ ತುಂಡಾಗಿರಬಹುದು, ಎಲ್ಲಿಯೋ ಚೂಪಾಗಿ ಮಡಚಿರಬಹುದು. ಗಾಜಿನ ಎಳೆಯಲ್ಲವೇ, ಬಳ್ಳಿಯಂತೆ ಬಾಗೀತು, ಕಾಗದದಂತೆ ಮಡಚಿದರೆ ಬೆಳಕು ಸೋರಿಹೋಗುತ್ತದೆ. ಅದನ್ನು ಗಂಟು ಹಾಕಿ ಜೋಡಿಸಲಾಗದು, ಅದಕ್ಕೆ ಬೇರೆ ಯಂತ್ರವೇ ಇದೆ. ಆದ್ದರಿಂದ ಕೆಂಪು ಕಂಡಾಗ ರೂಟರನ್ನು ಹತ್ತು ಸಲ ಆರಿಸಿ ಹಚ್ಚುವುದು ವ್ಯರ್ಥ. ಎರಡೂ ದೀಪ ಸರಿಯಿದ್ದು ಪುಟ ತೆರೆಯದಿದ್ದಾಗ ಮಾತ್ರ ಆರಿಸಿ ಹಚ್ಚುವ ಉಪಾಯ ಫಲಿಸುವುದುಂಟು. ಗುಡುಗು ಮಿಂಚು ಬಂದಾಗ ಪ್ಲಗ್ ಕಳಚಿಡಿ. ಆಪತ್ತು ಕರೆಂಟಿನ ದಾರಿಯಲ್ಲಿಯೂ ಬರುತ್ತದೆ. ಫೋನಿನಲ್ಲಿ ಚಾರ್ಜ್ ಇದ್ದರೂ ಕರೆಂಟ್ ಹೋದಾಗ ವೈಫೈ ಏಕೆ ಇಲ್ಲವೆಂದು ಕೇಳುವ ರಕ್ಷಕರಿದ್ದಾರೆ: ಪೆಟ್ಟಿಗೆಗೆ ಕರೆಂಟು ಬೇಕು. ಅದಕ್ಕೆಂದೇ ಸಣ್ಣ ಯುಪಿಎಸ್ ದೊರೆಯುತ್ತದೆ.

ಐಪಿ ವಿಳಾಸ, ಡಿಎನ್‌ಎಸ್ ಎಂಬಿವುಗಳು ಶಾಲೆಯವರಿಗೆ ಸುಲಭ. ಅಂಚೆಯವನ ಪಾಲಿಗೆ ಶಾಲೆಗೆ ಒಂದೇ ವಿಳಾಸ. ಒಳಗಿನ ಮಕ್ಕಳಿಗೆ ಕ್ಲಾಸ್ ಟೀಚರು ಕೊಟ್ಟ ಕ್ರಮಸಂಖ್ಯೆ. ಹೊರಜಗತ್ತಿಗೆ ನಿಮ್ಮ ಮನೆಯದ್ದೂ ಸಾಮಾನ್ಯವಾಗಿ ಒಂದೇ ವಿಳಾಸ. ಒಳಗಿನ ಫೋನುಗಳಿಗೆ ರೂಟರ್ ತಾನೇ ಸಂಖ್ಯೆ ಕೊಡುತ್ತದೆ. ಆ ಹಂಚಿಕೆಯ ಹೆಸರು ಡಿಎಚ್‌ಸಿಪಿ. 192.168 ಎಂದು ಆರಂಭವಾಗುವ ಸಂಖ್ಯೆ ನಿಮ್ಮ ಮನೆಯಲ್ಲಿಯೂ ಇರುತ್ತದೆ, ನಮ್ಮಲ್ಲಿಯೂ ಇರುತ್ತದೆ. ಎಲ್ಲ ಶಾಲೆಗಳಲ್ಲಿಯೂ ಒಂದನೆಯ ಕ್ರಮಸಂಖ್ಯೆ ಇರುವಂತೆ. ಇನ್ನು ಡಿಎನ್‌ಎಸ್ ಎಂಬುದು ಹಾಜರಿ ಪುಸ್ತಕ. ಹೆಸರು ಹೇಳಿದರೆ ಸಂಖ್ಯೆ ಹುಡುಕಿ ಕೊಡುತ್ತದೆ.

ವೈಫೈಯ ಗುಪ್ತಪದ ಒಂದು, ರೂಟರಿನ ಒಳಗಿನ ಹೊಂದಿಕೆಗಳನ್ನು ತೆರೆಯುವ ಗುಪ್ತಪದ ಇನ್ನೊಂದು. ಎರಡನ್ನೂ ಕೇಳಿ ಬರೆದಿಟ್ಟುಕೊಳ್ಳಿ, ಕೊಟ್ಟದ್ದನ್ನು ಬದಲಿಸಿಕೊಳ್ಳಿ. ನಮ್ಮ ಗುಪ್ತಪದವನ್ನು ಹಲವು ಕಾಲ ನೆರೆಮನೆಯ ಮಕ್ಕಳು ಬಲ್ಲವರಾಗಿದ್ದರು. ಮನೆಯೊಡೆಯನಾದ ನನಗೆ ತಿಳಿದಿರಲಿಲ್ಲ.

ದೂರು ಕೊಟ್ಟಾಗ ದೂರಿನ ಸಂಖ್ಯೆಯನ್ನು, ಅಂದರೆ ಡಾಕೆಟ್ ನಂಬರನ್ನು, ಕೇಳಿ ಪಡೆಯಿರಿ. ಪರಿಹಾರವಾಗದಿದ್ದರೆ ಆ ಸಂಸ್ಥೆಯದೇ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಲು ಟ್ರಾಯ್ ನಿಯಮದಲ್ಲಿ ಅವಕಾಶವಿದೆ. ಬರೆಯುವಾಗ ‘ನಮ್ಮ ನೆಟ್ ಸರಿಯಿಲ್ಲ’ ಎಂದು ಬರೆಯಬೇಡಿ. ‘ಇಂತಹ ದಿನ ಇಷ್ಟು ಗಂಟೆಗೆ, ಲ್ಯಾನ್ ತಂತಿಯಲ್ಲಿ ಪರೀಕ್ಷಿಸಿದಾಗ, 30ರ ಬದಲು 4 ಎಂಬಿಪಿಎಸ್ ಬಂದಿದೆ’ ಎಂದು ಬರೆಯಿರಿ. ಈ ವಾಕ್ಯದ ವ್ಯಾಕರಣ ಯಾವ ಭಾಷೆಯಲ್ಲಿ ತಪ್ಪಿದರೂ ಅರ್ಥ ತಪ್ಪುವುದಿಲ್ಲ.

ಆ ಹುಡುಗಿ ಮಲಯಾಳ ಶಾಲೆಯಲ್ಲಿಯೇ ಮುಂದುವರಿದಳು. ಚುರುಕಾಗಿದ್ದಾಳೆ, ಒಳ್ಳೆಯ ಅಂಕ ತೆಗೆಯುತ್ತಾಳೆ. ಆ ಬಗ್ಗೆ ನನಗೆ ದೂರಿಲ್ಲ. ಹೋದ ವರ್ಷ ಅವರ ಮನೆಯಲ್ಲಿ ಕನ್ನಡ ಪತ್ರಿಕೆಯ ತಲೆಬರಹವೊಂದನ್ನು ಓದಲು ಕೊಟ್ಟೆ. ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಒತ್ತಕ್ಷರ ಬಂದಲ್ಲಿ ನಿಂತು ತಂದೆಯ ಮುಖ ನೋಡಿದಳು. ತಮ್ಮ ನಮ್ಮ ಶಾಲೆಗೇ ಸೇರಿದ್ದಾನೆ, ಎರಡನೆಯ ತರಗತಿ.

ಕಳೆದ ಮಳೆಗಾಲದಲ್ಲಿ ಒಂದು ಸಂಜೆ ಆ ತಂದೆ ಫೋನು ಮಾಡಿದರು. “ಮಾಷ್ಟ್ರೇ, ನಾನೇ ದೂರು ಕೊಟ್ಟೆ, ಮಲಯಾಳದಲ್ಲೇ. ಪಾನ್ ಆರಿದೆ, ಎಲ್‌ಓಎಸ್ ಕೆಂಪು, ಸಂಕದ ಹತ್ತಿರ ಮಡಲು ಬಿದ್ದಿದೆ ಅಂತ ಹೇಳಿದೆ. ಆ ಕಡೆಯವರು ಮತ್ತೊಂದು ಪ್ರಶ್ನೆ ಕೇಳಲಿಲ್ಲ.”

“ಜನ ಬಂದರೋ?” ಎಂದೆ.

“ಬಂದು ಕಂಬ ಹತ್ತಿದ್ದಾರೆ. ಇಡಿ, ಟಾರ್ಚು ಹಿಡಿಯಬೇಕು” ಎಂದು ಫೋನು ಇಟ್ಟರು.